ಕನ್ನಡಿಗೆ ಬೆನ್ನು

ಬೈತಖೋಲದ ತಿರುವಿನಲ್ಲಿ ನನ್ನ ಅಂಗಡಿ.
ಎರಡು ಕುರ್ಚಿ, ಒಂದು ಫ್ಯಾನು,
ಎದುರಿಗೊಂದು ಕನ್ನಡಿ, ಬೆನ್ನಿಗೊಂದು.
ಕೂತವನ ಮುಖ ಅದರೊಳಗೆ ಇದು ಇದರೊಳಗೆ ಅದು
ಹತ್ತಾಗಿ ಇಪ್ಪತ್ತಾಗಿ ಸಾಲು ನಿಲ್ಲುತ್ತದೆ.

ಆವತ್ತು ಬಂದವ ಹತ್ತನೇ ಇಯತ್ತೆಯ ಸರ್ವೇಶ,
ತಾಂಡೇಲ ಗಣಬಾ ದುರ್ಗೇಕರನ ಮಗ.
ಕುರ್ಚಿ ಹತ್ತುವ ಮೊದಲೇ ಕೇಳಿದ:
"ಮಾಮಾ, ಕನ್ನಡಿಗೊಂದು ಟವೆಲ್ ಹಾಕ್ತೀಯಾ?"
ಹಣೆ, ಕೆನ್ನೆ, ಗದ್ದದ ಇಕ್ಕೆಲ,
ಕೆಲವು ಕೆಂಪು, ಕೆಲವಕ್ಕೆ ಬಿಳಿ ತುದಿ,
ಕೆಲವು ಒಳಗೇ ಗಂಟಾಗಿ ಕೂತವು.

ಅಂಗಡಿಯಲ್ಲಿ ಮಾತಿಗೆ ಬರವೇ?
"ಬಂಗಡೆಯ ಉಷ್ಣ" ಅಂದಿತು ಬೆಂಚಿನ ಮೇಲೆ ಬಿಡಿಸಿದ ಪೇಪರು.
"ಬಂಗಡೆ ಮುಟ್ಟದ ಭಟ್ಟರ ಮಗಳಿಗೂ ಇದೆಯಲ್ಲ?"
"ಹಾಗಾದರೆ ಗೋಡಂಬಿ."
"ಹೊಟ್ಟೆ ಕಟ್ಟಿದೆ, ಔಡಲ ಎಣ್ಣೆ ಕುಡಿಸಿ."
"ಯಾವಳನ್ನೋ ನೆನೆಸ್ತಾನೆ ಮಾರಾಯ" ಅಂದಿತು
ಮತ್ತೆ ಅದೇ ಪೇಪರು.
ಹುಡುಗನ ಕಿವಿಯೂ ಕೆಂಪಾಯಿತು.

ನಾನು ಬಾಯಿ ಬಿಡಲಿಲ್ಲ.
ನನಗೆ ಬಂದದ್ದು ಮೂವತ್ತೆಂಟಕ್ಕೆ,
ಹೆದ್ದಾರಿ ಅಗಲಕ್ಕೆ ಹಳೇ ಅಂಗಡಿ ಹೋದ ವರ್ಷ,
ನಿದ್ದೆಯೂ ಅದರ ಜೊತೆಗೇ ಹೋದ ವರ್ಷ.
ಮೆಡಿಕಲ್‌ನವ ಒಂದು ಟ್ಯೂಬು ಕೊಟ್ಟ.
ಹದಿನೈದು ದಿನ ಮುಖವೆಲ್ಲ ಬೆಳದಿಂಗಳು,
ಬಿಟ್ಟ ಮೇಲೆ ಬೆಂಕಿ.
ಊರಿನ ಗಡ್ಡ ಹೆರೆಯುವವ
ನನ್ನದನ್ನು ಬೆಳೆಸಿ ಮುಖ ಮುಚ್ಚಿಕೊಂಡೆ.

ಸಿವಿಲ್ ಆಸ್ಪತ್ರೆಯ ಡಾಕ್ಟರಮ್ಮ ಚೀಟಿಯ ಬೆನ್ನಿಗೆ ಚಿತ್ರ ಬರೆದಳು.
ಕೂದಲಿನ ಪ್ರತಿ ಕುಣಿಗೂ ಒಂದು ಎಣ್ಣೆಗಾಣವಂತೆ,
ಹರೆಯದಲ್ಲಿ ಹಾರ್ಮೋನು ಬಂದು
ಗಾಣದೆತ್ತಿನ ಬಾಲ ತಿರುಚುತ್ತದಂತೆ.
ಅವಳು ಧಾರವಾಡದ ಕಡೆಯವಳು, ಗಾಣ ಅಂದಳು.
ನನಗೆ ಕಂಡದ್ದು ಅಳಿವೆ:
ಹೊಳೆ ಉಕ್ಕುತ್ತಲೇ ಇದೆ, ಬಾಯಿಗೆ ಮರಳು ಕಟ್ಟಿದೆ,
ಸತ್ತ ಚರ್ಮದ ಸಣ್ಣ ಮರಳು.
ದಾರಿ ಕಾಣದ ಎಣ್ಣೆ ಹಿಂದೆ ಸರಿದು ಮಡುಗಟ್ಟುತ್ತದೆ.
ಮೊದಲಿನಿಂದಲೂ ಬಿಡಾರ ಹೂಡಿದ್ದ ಕಣ್ಣಿಗೆ ಕಾಣದ ಜೀವಿ
ಅದನ್ನುಂಡು ಸಂಸಾರ ಬೆಳೆಸುತ್ತದೆ.
ಮೈ ಜಗಳಕ್ಕಿಳಿಯುತ್ತದೆ. ಆ ಜಗಳದ ಬಣ್ಣ ಕೆಂಪು.

"ಕಪ್ಪು ಚುಕ್ಕೆ ಕೊಳೆಯಲ್ಲ, ಗಾಳಿ ತಾಗಿ ಕಪ್ಪಾದದ್ದು. ತಿಕ್ಕಬೇಡಿ.
ಹೆಂಗಸರಿಗೆ ತಿಂಗಳಿನ ಲೆಕ್ಕ ತಪ್ಪಿದರೂ ಬರುತ್ತದೆ.
ನಿಮ್ಮಪ್ಪನಿಗೆ ಇತ್ತೇ?"
ಅಪ್ಪನ ಕೆನ್ನೆಯ ಗುಳಿಗಳು ನೆನಪಾದವು.
ಸಿಡುಬು ಅಂತಲೇ ಹೇಳಿ ತೀರಿಕೊಂಡ.

"ಕೆಲಸ?" ಅಂದಳು. ಹೇಳಿದೆ.
ಅವಳ ಕಣ್ಣು ನನ್ನ ಕೈಗೆ ಇಳಿಯಿತು.
"ಮಸಾಜಿಗೆ ಯಾವ ಕ್ರೀಮು?"

ಐದು ಕಿಲೋ ಡಬ್ಬಿ, ಹೆಸರಿಲ್ಲದ್ದು, ಗುಲಾಬಿ ವಾಸನೆಯದು.
ಇಪ್ಪತ್ತೆರಡು ವರ್ಷ ಕೆನ್ನೆ ಕೆನ್ನೆಗೆ ತೀಡಿದ್ದೆ,
ತಲೆಗೆ ಸುರಿದ ಕೊಬ್ಬರಿ ಎಣ್ಣೆ ಹಣೆಗಿಳಿದರೆ
ಹೊಳಪು ಬಂತು ಅಂದಿದ್ದೆ.
ನಲವತ್ತು ರೂಪಾಯಿ ಹೆಚ್ಚಿಗೆ ಇಸಕೊಂಡು
ಅವರಿವರ ಅಳಿವೆಗೆ
ನಾನೇ ಮರಳು ಹೊತ್ತಿದ್ದೆ.

ಟವೆಲ್ ಹಾಕಿದೆ. ಅದು ಸಾಲದು ಅನಿಸಿ
ಕುರ್ಚಿಯನ್ನೇ ಬಾಗಿಲಿಗೆ ತಿರುಗಿಸಿದೆ.
ಬಂದರಿನಲ್ಲಿ ಬಲೆ ಹೊಲಿಯುತ್ತಿದ್ದರು,
ಹುಡುಗ ಅದನ್ನೇ ನೋಡುತ್ತ ಕೂತ.
ಹೊಸ ಬ್ಲೇಡು. ಎಣ್ಣೆ ಇಲ್ಲ.
ಗಂಟುಗಳ ಸುತ್ತ, ಬಂಡೆಗಳ ನಡುವೆ ದೋಣಿ ತಂದ ಹಾಗೆ,
ಉಸಿರು ಹಿಡಿದು ಕತ್ತಿ ತಂದೆ.
"ರಾತ್ರಿ ಚಿವುಟ್ತೀಯಾ?"
ಅವನು ಸುಮ್ಮನಿದ್ದ.
"ಬಿಡು. ಇದು ನೀ ಮಾಡಿಕೊಂಡದ್ದಲ್ಲ.
ಮಂಗಳವಾರ ಸಿವಿಲ್‌ಗೆ ಹೋಗು, ಬೇಕಾದರೆ ನಾನೂ ಬರ್ತೇನೆ."

ಹುಡುಗ ಹೋದ.
ಟವೆಲ್ ತೆಗೆಯಲು ಕೈ ಎತ್ತಿದ್ದೆ,
ಬೆಂಚಿನ ಪೇಪರು ಮಡಚಿಕೊಂಡಿತು.
ಹಿಂದಿದ್ದವನಿಗೆ ನಲವತ್ತೆರಡು,
ಹೆಲ್ಮೆಟ್ಟಿನ ಪಟ್ಟಿ ಉಜ್ಜುವ ಜಾಗದಲ್ಲಿ, ದವಡೆಯ ಉದ್ದಕ್ಕೂ,
ಏಳೆಂಟು ಕೆಂಪು.

ಕುರ್ಚಿ ಹತ್ತಿ ಮೆಲ್ಲಗೆ ಅಂದ:
"ಅದು ಹಾಗೇ ಇರಲಿ."